ಓದುಗರನ್ನು ಎಣಿಸುವ ನಾಲ್ಕು ದಾರಿ: ಎರಡು ಆಟಿ ಅಮಾವಾಸ್ಯೆಗಳ ಲೆಕ್ಕ

ಕರಾವಳಿಯ ಅಡುಗೆ ಮತ್ತು ಮನೆಮದ್ದಿನ ಬಗ್ಗೆ ನನ್ನದೊಂದು ಸಣ್ಣ ಜಾಲತಾಣ ಇದೆ. ಉಡುಪಿಯ ಮನೆಯಲ್ಲಿ ಕೂತು, ಬಿಡುವಾದಾಗ ಬರೆಯುತ್ತೇನೆ. ವರ್ಷವಿಡೀ ನೀರುದೋಸೆ, ಪತ್ರೊಡೆ, ತಂಬುಳಿ ಹುಡುಕಿಕೊಂಡು ಜನ ಬರುತ್ತಾರೆ. ಆದರೆ ಒಂದು ಪುಟ ಮಾತ್ರ ಬೇರೆ. ಅದನ್ನು ವರ್ಷದಲ್ಲಿ 1 ದಿನ ಓದುತ್ತಾರೆ, ಉಳಿದ ದಿನ ಯಾರಿಗೂ ಬೇಡ. ಅದು ಆಟಿ ಅಮಾವಾಸ್ಯೆಯ, ಅಂದರೆ ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಬರುವ ಅಮಾವಾಸ್ಯೆಯ, ಕಷಾಯದ ಪುಟ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲೆ ಮರದ, ತುಳುವಿನ ಪಾಲೆಯ, ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲೇ ಕಲ್ಲಿನಿಂದ ಜಜ್ಜಿ ತೆಗೆದು, ಅರೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ, ಕಾದ ಬಿಳಿಕಲ್ಲನ್ನು ಅದ್ದಿ, ಖಾಲಿ ಹೊಟ್ಟೆಯಲ್ಲಿ ಕುಡಿಯುವುದು. ಆಮೇಲೆ ಮೆಂತೆ ಗಂಜಿ. ಇದರಲ್ಲಿ ಒಂದು ಅಪಾಯ ಉಂಟು. ಕತ್ತಲಲ್ಲಿ ಹಾಲೆ ಅಂದುಕೊಂಡು ಕಾಸರಕದ ತೊಗಟೆ ತಂದರೆ ಅದು ವಿಷ, ಪ್ರಾಣಕ್ಕೇ ಕುತ್ತು. ಹಾಲೆಯ ಎಲೆ ಸಾಮಾನ್ಯವಾಗಿ ಏಳೇಳು ಸೇರಿ ಒಂದೇ ಗಂಟಿನ ಸುತ್ತ ಕೊಡೆಯ ಹಾಗೆ ಬಿಚ್ಚಿಕೊಂಡಿರುತ್ತದೆ. ತೊಗಟೆ ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು ಎರಡೆರಡು, ಹಾಲು ಇಲ್ಲ. ಇಷ್ಟನ್ನು ಫೋಟೊ ಸಮೇತ ಆ ಪುಟದಲ್ಲಿ ಹಾಕಿದ್ದೇನೆ. ಮರ ಹಗಲಲ್ಲೇ ಗುರುತಿಟ್ಟು ಬನ್ನಿ, ಗೊತ್ತಿದ್ದವರನ್ನು ಕೇಳದೆ ಮುಟ್ಟಬೇಡಿ ಎಂದೂ ಬರೆದಿದ್ದೇನೆ.

ಹಾಗಾಗಿ ಆ ಪುಟ ಹುಡುಕುವವರ ಕಣ್ಣಿಗೆ ಬೀಳುತ್ತಾ, ಎಷ್ಟನೆಯ ಸಾಲಿನಲ್ಲಿ ಬರುತ್ತೆ, ಹೋದ ವರ್ಷಕ್ಕಿಂತ ಮೇಲೆ ಬಂತಾ ಅನ್ನುವುದು ನನಗೆ ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಅದಕ್ಕೇ 2 ವರ್ಷ, ತಾಣದ ಓದುಗರ ಲೆಕ್ಕ ಕೊಡುವ 4 ಸಾಧನಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ: ತಾಣ ಇಟ್ಟಿರುವ ಹೋಸ್ಟಿಂಗ್ ಜೊತೆ ಬಂದ ಎಡಬ್ಲ್ಯೂಸ್ಟ್ಯಾಟ್ಸ್, ಗೂಗಲ್ ಅನಲಿಟಿಕ್ಸ್, ಗೋಟ್‌ಕೌಂಟರ್ ಮತ್ತು ಗೂಗಲ್ ಸರ್ಚ್ ಕನ್ಸೋಲ್.

2024ರಲ್ಲಿ ಆಟಿ ಅಮಾವಾಸ್ಯೆ ಆಗಸ್ಟ್ 4ಕ್ಕೆ ಬಂದಿತ್ತು, ಭಾನುವಾರ. ಸಂಜೆ ಮಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಇವತ್ತು ನಿಮ್ಮ ಕಷಾಯದ ಪುಟಕ್ಕೆ ಎಷ್ಟು ಜನ ಬಂದ್ರು?"

"ನಾಲ್ಕು ಲೆಕ್ಕ ಉಂಟು ಮಾರಾಯ. ನಾಲ್ಕೂ ಬೇರೆ ಬೇರೆ."

ಇಡೀ ತಾಣದ ಆ ದಿನದ ಲೆಕ್ಕ ಹೀಗಿತ್ತು. ಎಡಬ್ಲ್ಯೂಸ್ಟ್ಯಾಟ್ಸ್ ಹೇಳಿದ್ದು 2,140 ಭೇಟಿ. ಗೋಟ್‌ಕೌಂಟರ್ 790. ಅನಲಿಟಿಕ್ಸ್ 655 ಬಳಕೆದಾರರು. ಮೂರು ದಿನ ಬಿಟ್ಟು ಸರ್ಚ್ ಕನ್ಸೋಲ್ ತೋರಿಸಿದ್ದು 603 ಕ್ಲಿಕ್, ಅದೂ ಆಗಸ್ಟ್ 4ರ ಮುಂದೆ ಅಲ್ಲ, 3ರ ಮುಂದೆ.

ಯಾವುದೋ ಒಂದು ಸುಳ್ಳು ಹೇಳುತ್ತಿದೆ ಅಂತ ಮೊದಲು ಅನ್ನಿಸಿತು. ಕೂತು ನೋಡಿದ ಮೇಲೆ ಗೊತ್ತಾಯಿತು, ನಾಲ್ಕೂ ಎಣಿಸುತ್ತಿರುವ ವಸ್ತುವೇ ಬೇರೆ.

ಎಡಬ್ಲ್ಯೂಸ್ಟ್ಯಾಟ್ಸ್ ಓದುವುದು ಸರ್ವರಿನ ಲಾಗ್, ಅಂದರೆ ತಾಣ ಇರುವ ಕಂಪ್ಯೂಟರ್ ಬರೆದಿಡುವ ದಾಖಲೆ. ಬಾಗಿಲು ತಟ್ಟಿದ ಪ್ರತಿಯೊಬ್ಬರ ಹೆಸರೂ ಅದರಲ್ಲಿ ಇರುತ್ತದೆ. ಓದುಗ, ಗೂಗಲ್‌ನ ಬಾಟ್ (ತಾನಾಗಿ ತಾಣಗಳನ್ನು ಸುತ್ತಿ ಓದುವ ಪ್ರೋಗ್ರಾಮ್), ಎಐ ಕಂಪನಿಗಳ ಬಾಟ್, ಪಾಸ್‌ವರ್ಡ್ ಮುರಿಯಲು ಬಂದ ಕಳ್ಳ ಸ್ಕ್ರಿಪ್ಟ್, ಎಲ್ಲ. ತನಗೆ ಪರಿಚಯ ಇರುವ ಬಾಟ್‌ಗಳನ್ನು ಅದು ಬೇರೆ ಪಟ್ಟಿಗೆ ಹಾಕುತ್ತದೆ. ಮಾಮೂಲಿ ಬ್ರೌಸರಿನ ವೇಷದಲ್ಲಿ ಬಂದವು ಮನುಷ್ಯರ ಲೆಕ್ಕಕ್ಕೇ ಸೇರುತ್ತವೆ. ಅದರಲ್ಲಿ 'ಹಿಟ್ಸ್' ಅನ್ನುವ ಕಾಲಂ ಇದೆಯಲ್ಲ, ಅದನ್ನು ನೋಡಿ ಖುಷಿ ಪಡಬೇಡಿ. ಒಂದು ಪುಟದಲ್ಲಿ 12 ಫೋಟೊ ಇದ್ದರೆ ಒಬ್ಬ ಓದುಗ ಬಂದಾಗ 12ಕ್ಕಿಂತ ಜಾಸ್ತಿ ಹಿಟ್ ಬೀಳುತ್ತದೆ. ಓದುಗರ ಸಂಖ್ಯೆಗೆ ನಾನು ಇದನ್ನು ಬಿಟ್ಟೇ ಬಿಟ್ಟೆ. ಎಲ್ಲಿ ಲಿಂಕ್ ಮುರಿದಿದೆ ಅಂತ ನೋಡಲು ಮಾತ್ರ ತಿಂಗಳಿಗೊಮ್ಮೆ ತೆರೆಯುತ್ತೇನೆ. ಆ ಕೆಲಸಕ್ಕೆ ಅದು ಚೆನ್ನಾಗಿದೆ.

ಅನಲಿಟಿಕ್ಸ್ ಮತ್ತು ಗೋಟ್‌ಕೌಂಟರ್ ನಡುವಿನ ಪೈಪೋಟಿ ನಿಜವಾದದ್ದು. ಎರಡೂ ಪುಟದೊಳಗೆ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮ್, ಇಟ್ಟು, ಅದು ಓಡಿದಾಗ ಎಣಿಸುತ್ತವೆ. ಅನಲಿಟಿಕ್ಸಿನ ಸ್ಕ್ರಿಪ್ಟ್ ಭಾರ. ಬ್ರೇವ್ ಬ್ರೌಸರ್, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್‌ಗಳು ಅದನ್ನು ಒಳಗೇ ಬಿಡುವುದಿಲ್ಲ. ಗೋಟ್‌ಕೌಂಟರಿನದು ಕೆಲವೇ ಕಿಲೋಬೈಟ್, ಕುಕೀ ಇಲ್ಲ. ಆಟಿ ತಿಂಗಳ ಮಳೆಯಲ್ಲಿ, ಕರೆಂಟ್ ಹೋಗಿ, ಒಂದೇ ಕಡ್ಡಿ ನೆಟ್‌ವರ್ಕ್ ಇರುವ ಮನೆಯಲ್ಲಿ ಪುಟದ ಅಕ್ಷರ ಬಂದಿರುತ್ತದೆ, ಭಾರದ ಸ್ಕ್ರಿಪ್ಟ್ ಬರುವಷ್ಟರಲ್ಲಿ ಓದುಗ ನೋಡಿಕೊಂಡು ಹೋಗಿರುತ್ತಾನೆ. ಆ ದಿನದ 135ರ ವ್ಯತ್ಯಾಸ ಬಹುಪಾಲು ಹೀಗೆ ಬಂದಿರಬೇಕು ಅಂತ ನನ್ನ ಊಹೆ. ಮಾಮೂಲಿ ದಿನಗಳಲ್ಲಿ ಎರಡರ ನಡುವೆ ಅಷ್ಟು ಅಂತರ ಇರುವುದಿಲ್ಲ.

ಆದರೆ ಬೆಳಗಿನ ಜಾವ ನಾಲ್ಕೂವರೆಗೆ ನಾನು ತೆರೆದು ಕೂತದ್ದು ಅನಲಿಟಿಕ್ಸನ್ನೇ. ಅದರ ರಿಯಲ್‌ಟೈಮ್ ಪುಟ ಕಳೆದ 30 ನಿಮಿಷದಲ್ಲಿ ಇದ್ದವರನ್ನು ನಿಮಿಷಕ್ಕೊಂದು ಕಂಬದಂತೆ ತೋರಿಸುತ್ತದೆ. ಹೊರಗೆ ಕತ್ತಲೆ, ಹಂಚಿನ ಮೇಲೆ ಮಳೆ. ಪರದೆಯಲ್ಲಿ 9 ಜನ, ಆಮೇಲೆ 14, ಆಮೇಲೆ 31. ಒಬ್ಬೊಬ್ಬರೂ ಟಾರ್ಚ್ ಹಿಡಿದು ಮರದ ಕೆಳಗೆ ನಿಂತಿರಬಹುದು ಅನ್ನಿಸಿ ಮೈ ಜುಮ್ಮೆಂದಿತು. ಆ ಹೊತ್ತಿಗೆ ಗೋಟ್‌ಕೌಂಟರ್ ಕೊಡುವುದು ಬರೀ ಒಂದು ಸಂಖ್ಯೆ, ಆ ಮಿನುಗು ಅದರಲ್ಲಿ ಇಲ್ಲ. ಊರಿನ ಹೆಸರನ್ನು ಮಾತ್ರ ಅನಲಿಟಿಕ್ಸಿನಲ್ಲೂ ನಂಬಬೇಡಿ. ಕಾಪುವಿನಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ತೆರೆದ ನನ್ನ ಸ್ನೇಹಿತನನ್ನು ಅದು ಬೆಂಗಳೂರು ಅಂತ ತೋರಿಸಿತು. ಮೊಬೈಲ್ ಕಂಪನಿಯ ಐಪಿ ಅಡ್ರೆಸ್ ಎಲ್ಲಿ ನೋಂದಣಿಯಾಗಿದೆಯೋ ಅದೇ ಅದಕ್ಕೆ ಊರು.

ಅನಲಿಟಿಕ್ಸಿನ ನೆನಪು ಎಷ್ಟು ದೂರ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಯೂನಿವರ್ಸಲ್ ಅನಲಿಟಿಕ್ಸ್ ಅನ್ನುವ ಹಳೆಯ ರೂಪ 2023ರ ಜುಲೈ 1ಕ್ಕೆ ಎಣಿಕೆ ನಿಲ್ಲಿಸಿತು. ಒಂದು ವರ್ಷ ಬಿಟ್ಟು ಹಳೆಯ ಲೆಕ್ಕ ನೋಡುವ ಬಾಗಿಲೂ ಮುಚ್ಚಿತು. ಮುಂಚೆಯೇ ಹೇಳಿದ್ದರು, ಇಳಿಸಿಕೊಳ್ಳಿ ಅಂತ. ನಾನು ನಾಳೆ ನಾಳೆ ಅಂತ ಮುಂದೂಡಿದೆ. ನನ್ನ 2019ರಿಂದ 2023ರವರೆಗಿನ ದಿನದಿನದ ಲೆಕ್ಕ ಹೋಯಿತು. ಅದರ ಈಗಿನ ರೂಪವಾದ ಜಿಎ4ರಲ್ಲಿ (ಗೂಗಲ್ ಅನಲಿಟಿಕ್ಸ್ 4) ವಿವರವಾಗಿ ಅಗೆದು ನೋಡುವ ಎಕ್ಸ್‌ಪ್ಲೋರ್ ಭಾಗಕ್ಕೆ ಮೊದಲೇ ಇಟ್ಟಿರುವ ಅವಧಿ ಬರೀ 2 ತಿಂಗಳು. ಸೆಟ್ಟಿಂಗ್ಸಿಗೆ ಹೋಗಿ ಬದಲಿಸಿದರೆ ಉಚಿತ ಖಾತೆಯಲ್ಲಿ 14 ತಿಂಗಳು ಸಿಗುತ್ತದೆ. ಖಾತೆ ತೆರೆದ ದಿನವೇ ಅದನ್ನು 14 ಮಾಡಿ. ಮಾಮೂಲಿ ವರದಿಗಳಿಗೆ ಈ ಮಿತಿ ಇಲ್ಲ, ನಿಜ. ಆದರೆ "ಹೋದ ಅಮಾವಾಸ್ಯೆ ದಿನ ಕಷಾಯದ ಪುಟ ಓದಿದವರು ಆಮೇಲೆ ಮೆಂತೆ ಗಂಜಿಯ ಪುಟಕ್ಕೆ ಹೋದರಾ" ಎಂದು ಕೇಳಬೇಕಾದರೆ ಬೇಕಾಗುವುದು ಆ ಎಕ್ಸ್‌ಪ್ಲೋರ್ ಭಾಗವೇ.

ಗೋಟ್‌ಕೌಂಟರ್ ಈ ವಿಷಯದಲ್ಲಿ ಸರಳ. ಮುಕ್ತ ತಂತ್ರಾಂಶ, ನಮ್ಮಂಥ ಸಣ್ಣವರಿಗೆ ದುಡ್ಡು ಬೇಡ, ಎಲ್ಲವನ್ನೂ ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಬಹುದು. ಯಾವ ಪುಟ, ಯಾವ ದಿನ, ಎಷ್ಟು, ಎಲ್ಲಿಂದ. ಒಂದೇ ಪರದೆಯಲ್ಲಿ ಮುಗಿಯಿತು. ನನ್ನ ಅಮ್ಮನಿಗೆ ತೋರಿಸಿದರೂ ಅರ್ಥವಾಯಿತು. ಮಟೋಮೊ ಅನ್ನುವ ಇನ್ನೊಂದು ಎಣಿಕೆಯ ತಂತ್ರಾಂಶವನ್ನೂ ಒಂದು ತಿಂಗಳು ಹಾಕಿ ನೋಡಿದ್ದೆ. ಒಳ್ಳೆಯದೇ, ಆದರೆ ನನ್ನ ಅಗ್ಗದ ಹೋಸ್ಟಿಂಗಿಗೆ ಅದರ ಡೇಟಾಬೇಸ್ ಭಾರವಾಯಿತು, ತೆಗೆದೆ.

ಈಗ ಸರ್ಚ್ ಕನ್ಸೋಲ್. ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ಬಂದವರನ್ನು ಉಳಿದ ಮೂರೂ ಎಣಿಸುತ್ತವೆ. ಬಾರದೆ ಹೋದವರ ಲೆಕ್ಕ ಇದೊಂದರಲ್ಲೇ ಇರುವುದು. ಎಷ್ಟು ಜನರ ಹುಡುಕಾಟದಲ್ಲಿ ನಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು, ಏನು ಟೈಪ್ ಮಾಡಿದ್ದರು, ಸರಾಸರಿ ಎಷ್ಟನೆಯ ಸ್ಥಾನ. ನಾನು ಪುಟದುದ್ದಕ್ಕೂ 'ಹಾಲೆ ಮರ' ಅಂತ ಬರೆದಿದ್ದೆ. ಜನ ಹುಡುಕಿದ್ದು 'ಪಾಲೆ ಮರ', 'ಪಾಲೆದ ಕಷಾಯ', 'ಹಾಳೆ ಮರ'. ಕುಂದಾಪುರದ ಕಡೆಯವರು 'ಆಸಾಡಿ ಅಮಾಸಿ' ಅಂತಲೂ ಹುಡುಕಿದ್ದರು. 'ಪಾಲೆ ಮರ ಗುರುತಿಸುವುದು ಹೇಗೆ' ಎಂಬ ಸಾಲಿಗೆ ನಾನು 11ನೆಯ ಸ್ಥಾನದಲ್ಲಿದ್ದೆ. ಅಂದರೆ ಮೊದಲ ಹತ್ತರ ಹೊರಗೆ. ಆ ಪಟ್ಟಿ ನೋಡಿ ನಾನು ನಿಜಕ್ಕೂ ನೊಂದುಕೊಂಡೆ. ಬೇಕಾದವರಿಗೆ ಬೇಕಾದ ಹೊತ್ತಲ್ಲಿ ಪುಟ ಸಿಕ್ಕಿರಲಿಲ್ಲ, ನಾನು ಬಳಸಿದ ಪದ ಅವರ ಪದ ಆಗಿರಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ಶೀರ್ಷಿಕೆಯಲ್ಲಿ, ಮೊದಲ ಸಾಲಿನಲ್ಲಿ 'ಪಾಲೆ' ಸೇರಿಸಿದೆ.

ತಾರೀಕಿನ ಗೊಂದಲಕ್ಕೂ ಉತ್ತರ ಸಿಕ್ಕಿತು. ಸರ್ಚ್ ಕನ್ಸೋಲಿನ ದಿನ ಕ್ಯಾಲಿಫೋರ್ನಿಯಾದ ಗಡಿಯಾರದ್ದು. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಮ್ಮ ಆಗಸ್ಟ್ 4ರ ಬೆಳಗಿನ 5 ಗಂಟೆ ಅವರಿಗೆ 3ರ ಸಂಜೆ ನಾಲ್ಕೂವರೆ. ಇದರಿಂದ ಒಂದು ಅನುಕೂಲವೂ ಆಯಿತು. ನಮ್ಮ ಮಧ್ಯಾಹ್ನ ಹನ್ನೆರಡೂವರೆಯಿಂದ ಮರುದಿನ ಹನ್ನೆರಡೂವರೆವರೆಗೆ ಅವರ ಒಂದು ದಿನ. ಹಿಂದಿನ ಸಂಜೆ ಮರ ಗುರುತಿಡಲು ಹುಡುಕಿದವರು, ಬೆಳಗಿನ ಜಾವ ಹುಡುಕಿದವರು, ಇಬ್ಬರೂ ಒಂದೇ ಸಾಲಿಗೆ ಬಂದು ಬೀಳುತ್ತಾರೆ.

ಸರಾಸರಿ ಸ್ಥಾನದಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಅಮಾವಾಸ್ಯೆಯ ವಾರ ನನ್ನ ಪುಟದ ಸರಾಸರಿ 6ರಿಂದ 14ಕ್ಕೆ ಕುಸಿಯಿತು, ಕ್ಲಿಕ್ ಮಾತ್ರ ಎಷ್ಟೋ ಪಾಲು ಏರಿತು. ಹೇಗೆ? ಆ ವಾರ 'ಅಮಾವಾಸ್ಯೆ ಯಾವಾಗ', 'ಆಟಿ ತಿಂಗಳು' ಎಂಬಂಥ ದೂರದ ಹುಡುಕಾಟಗಳಲ್ಲೂ ಪುಟ ನಲವತ್ತು, ಐವತ್ತನೆಯ ಸ್ಥಾನದಲ್ಲಿ ಇಣುಕಿತು. ಅವೆಲ್ಲ ಸೇರಿ ಸರಾಸರಿಯನ್ನು ಕೆಳಗೆ ಎಳೆದವು. ಅದಕ್ಕೆ ನಾನು ಈಗ ಪುಟದ ಸರಾಸರಿ ನೋಡುವುದಿಲ್ಲ. ಐದೇ ಐದು ಹುಡುಕುಪದ ಆರಿಸಿಕೊಂಡಿದ್ದೇನೆ, ಒಂದೊಂದನ್ನೂ ಬೇರೆ ಬೇರೆ ನೋಡುತ್ತೇನೆ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಹುಡುಕಿದವರ ಗುಟ್ಟು ಕಾಪಾಡಲು ತೋರಿಸುವುದೇ ಇಲ್ಲ. ಕನ್ನಡದಲ್ಲಿ ಒಂದೇ ಮಾತನ್ನು ಹತ್ತು ತರ ಬರೆಯುತ್ತೇವಲ್ವಾ, ಹಾಗಾಗಿ ನಮ್ಮ ತಾಣಗಳಲ್ಲಿ ಮರೆಯಾಗುವ ಪಾಲು ಜಾಸ್ತಿ. ಪಟ್ಟಿಯ ಕ್ಲಿಕ್ ಕೂಡಿಸಿದರೆ ಮೇಲಿನ ಮೊತ್ತಕ್ಕೆ ಹೊಂದದಿದ್ದರೆ ಗಾಬರಿ ಬೇಡ.

ಕೈಯಿಂದ ಹುಡುಕಿ ಸ್ಥಾನ ನೋಡುವ ಅಭ್ಯಾಸ ನನಗೂ ಇತ್ತು. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ (ಇನ್ಕಾಗ್ನಿಟೊ) ತೆರೆದು ನೋಡಿದರೆ ಉಡುಪಿಯಲ್ಲಿ 2ನೆಯದು. ಅದೇ ಹೊತ್ತಿಗೆ ಕದ್ರಿಯಲ್ಲಿ ಕೂತ ಅಕ್ಕನ ಮಗನಿಗೆ 5ನೆಯದು, ಮುಂಬೈಯ ನೆಂಟರಿಗೆ ಮೊದಲ ಪುಟದಲ್ಲೇ ಇಲ್ಲ. ಖಾಸಗಿ ಕಿಟಕಿ ಹಳೆಯ ಹುಡುಕಾಟ ಮರೆಸುತ್ತದೆ, ನಾವಿರುವ ಜಾಗವನ್ನು ಅಲ್ಲ. ತಾಣಗಳನ್ನು ಜನಪ್ರಿಯತೆಯ ಸಾಲಿನಲ್ಲಿ ಇಡುತ್ತಿದ್ದ ಅಲೆಕ್ಸಾ ರ‍್ಯಾಂಕ್ ಈಗ ಇಲ್ಲ. 2022ರ ಮೇ 1ಕ್ಕೆ ನಿಂತಿತು. ಕೆಲವರ ಬ್ರೌಸರಿನಿಂದ ಅಂದಾಜು ಮಾಡುತ್ತಿದ್ದ ಆ ಲೆಕ್ಕದಲ್ಲಿ ನಮ್ಮಂಥ ಸಣ್ಣ ತಾಣಕ್ಕೆ ಅರ್ಥವೂ ಇರಲಿಲ್ಲ.

2025ರಲ್ಲಿ ಒಂದು ಪಾಠವಾಯಿತು. ಆಗಸ್ಟ್ ಕೊನೆಗೆ ಹೋದ ಆಗಸ್ಟಿನ ಜೊತೆ ಹೋಲಿಸಿ ನೋಡಿದರೆ ಅನಲಿಟಿಕ್ಸ್, ಗೋಟ್‌ಕೌಂಟರ್, ಸರ್ಚ್ ಕನ್ಸೋಲ್ ಮೂರೂ ಒಂದೇ ಬಾಯಲ್ಲಿ ಹೇಳಿದವು: ಅರ್ಧಕ್ಕಿಂತ ಕೆಳಗೆ. 'ಪಾಲೆ' ಸೇರಿಸಿದ್ದೇ ತಪ್ಪಾಯಿತೇನೋ ಅಂತ ಎರಡು ರಾತ್ರಿ ಕೂತು ಶೀರ್ಷಿಕೆಗಳನ್ನು ಹಿಂದಿನ ಹಾಗೆ ಮಾಡಲು ಹೊರಟಿದ್ದೆ. ಊಟದ ಹೊತ್ತಿಗೆ ಅಮ್ಮನ ಹತ್ತಿರ ಹೇಳಿದೆ. ಅಮ್ಮ ಗೋಡೆಯ ಕ್ಯಾಲೆಂಡರ್ ತಿರುವಿದರು. "ಈ ಸಲ ಅಮಾವಾಸ್ಯೆ ಜುಲೈಯಲ್ಲೇ ಮುಗಿದು ಹೋಯ್ತಲ್ಲ ಮಗ, ಇಪ್ಪತ್ತನಾಲ್ಕಕ್ಕೆ."

ಅಷ್ಟೇ ವಿಷಯ. ಇಂಗ್ಲಿಷ್ ತಿಂಗಳಿಗೆ ತಿಂಗಳು ಹೋಲಿಸಿದರೆ ನಮ್ಮ ಹಬ್ಬದ ಪುಟಗಳು ಸುಮ್ನೆ ಏರುತ್ತವೆ, ಸುಮ್ನೆ ಬೀಳುತ್ತವೆ. ಅಮಾವಾಸ್ಯೆಗೆ ಅಮಾವಾಸ್ಯೆ ಇಟ್ಟು ನೋಡಿದೆ. ಸರ್ಚ್ ಕನ್ಸೋಲಿನಲ್ಲಿ 2024ರ ಆಗಸ್ಟ್ 3ಕ್ಕೆ 603, 2025ರ ಜುಲೈ 23ಕ್ಕೆ 871. 'ಪಾಲೆ ಮರ ಗುರುತಿಸುವುದು ಹೇಗೆ' 11ರಿಂದ 3ಕ್ಕೆ ಬಂದಿತ್ತು. ಅಮ್ಮನಿಗೆ ತೋರಿಸಿದೆ. ಇಬ್ಬರಿಗೂ ತುಂಬಾ ಖುಷಿಯಾಯಿತು.

ಎರಡು ವರ್ಷ ನೋಡಿದ ಮೇಲೆ ನಾನು ಇಟ್ಟುಕೊಂಡದ್ದು ಇಷ್ಟು. ಸ್ಥಾನಕ್ಕೆ ಮತ್ತು ಹುಡುಕುಪದಕ್ಕೆ ಸರ್ಚ್ ಕನ್ಸೋಲ್. ಓದುಗರ ಸಂಖ್ಯೆಗೆ ಗೋಟ್‌ಕೌಂಟರ್. ಅನಲಿಟಿಕ್ಸ್ ಅಮಾವಾಸ್ಯೆಯ ಬೆಳಗ್ಗೆ ಮಾತ್ರ. ಒಂದರ ಸಂಖ್ಯೆಯನ್ನು ಇನ್ನೊಂದರ ಜೊತೆ ಯಾವತ್ತೂ ಹೋಲಿಸುವುದಿಲ್ಲ. ಪ್ರತಿ ತಿಂಗಳ 5ಕ್ಕೆ ಎರಡರ ಲೆಕ್ಕವನ್ನೂ ಒಂದು ಶೀಟಿನಲ್ಲಿ ಕೈಯಾರೆ ಬರೆಯುತ್ತೇನೆ. ಅದರಲ್ಲಿ ತಾರೀಕಿನ ಪಕ್ಕ ಪಂಚಾಂಗದ ಕಾಲಂ ಒಂದಿದೆ: ಆಟಿ ಅಮಾವಾಸ್ಯೆ, ಅಷ್ಟಮಿ, ಚೌತಿ, ದೀಪಾವಳಿ. ಕೊನೆಯ ಕಾಲಮಿನಲ್ಲಿ ಆ ತಿಂಗಳು ಪುಟದಲ್ಲಿ ಏನು ಬದಲಿಸಿದೆ ಅಂತ ಒಂದು ಸಾಲು.

ಮುಂದಿನ ಆಟಿ ಅಮಾವಾಸ್ಯೆ 2026ರ ಆಗಸ್ಟ್ 12ಕ್ಕೆ. ಸರ್ಚ್ ಕನ್ಸೋಲ್ ಹಿಂದಿನ 16 ತಿಂಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆ ದಿನ ತೆರೆದರೆ 2025ರ ಜುಲೈ ಕಾಣುತ್ತದೆ, 2024ರ ಆಗಸ್ಟ್ ಕಾಣುವುದಿಲ್ಲ. ಆ 603 ಈಗ ನನ್ನ ಶೀಟಿನಲ್ಲಿ, ಮೇಲಿನಿಂದ ಮೂರನೆಯ ಸಾಲಿನಲ್ಲಿ ಇದೆ.