ಚಾವಿ ತಿರುವಿದರೆ ಒಮ್ಮೆ ಚಾಲೂ, ಒಮ್ಮೆ ಮೌನ: ಕಪನೂರ ದಾರಿಯ ಉಸ್ತಾದರ ಅಂಗಡಿ

ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆಯಿಂದ ಕಪನೂರಿನ ಕಡೆಗೆ ಹೊರಟರೆ, ಟಯರ್ ಅಂಗಡಿಗಳು ಮತ್ತು ವೆಲ್ಡಿಂಗ್ ಶೆಡ್ಡುಗಳ ನಡುವೆ ತಗಡಿನ ಚಾವಣಿಯ ಒಂದು ಪುಟ್ಟ ಆಟೋ ಎಲೆಕ್ಟ್ರಿಕ್ ಅಂಗಡಿ ಇದೆ. ಅದಕ್ಕೆ ಬೋರ್ಡಿಲ್ಲ. ಬಾಗಿಲ ಪಕ್ಕದಲ್ಲಿ ತೂಗುಹಾಕಿರುವ ಹಳೆಯ ಡೈನಮೋಗಳೇ ಗುರುತು. ಅಂಗಡಿಯ ಯಜಮಾನರನ್ನು ಸುತ್ತಲಿನವರೆಲ್ಲ ಉಸ್ತಾದರು ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಏಳು ತಿಂಗಳ ಕಾಲ ನಮ್ಮ ಮನೆಯವರೆಲ್ಲರ ನೆಮ್ಮದಿ ಕೆಡಿಸಿದ್ದ ಒಂದು ದೋಷವನ್ನು ಅವರು ಹುಡುಕಿದ ಬಗೆ ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಹಳೆಯ ಸಣ್ಣ ಕಾರು ಇಟ್ಟುಕೊಂಡವರಿಗೆ ಅಂಗಡಿಯ ವಿಳಾಸದಷ್ಟೇ ಆ ಬಗೆಯೂ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ನಮ್ಮದು 2007ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರು. ಈ ಮಾದರಿಯ ತಯಾರಿಕೆ 2014ರಲ್ಲಿ ನಿಂತುಹೋದರೂ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ನಮ್ಮ ತಂದೆಯವರು ಕೊಂಡ ಕಾರು ಇದು. ಈಗ ತಾಯಿಯವರನ್ನು ತಿಂಗಳಿಗೆ ಎರಡು ಬಾರಿ ಆಸ್ಪತ್ರೆಗೆ ಕರೆದೊಯ್ಯುವುದು ಇದರಲ್ಲಿಯೇ. ಹೋದ ವರ್ಷ ದಸರೆಯ ಹೊತ್ತಿಗೆ ಇದು ಕೆಲವೊಮ್ಮೆ ಚಾಲೂ ಆಗದಿರಲು ಶುರುಮಾಡಿತು. ಬೆಳಿಗ್ಗೆ ಮೊದಲ ಸಲಕ್ಕೇ ಹತ್ತುತ್ತಿದ್ದ ಗಾಡಿ ಪೆಟ್ರೋಲ್ ಪಂಪಿನಲ್ಲಿ ಬಂದ್ ಮಾಡಿದರೆ ಮತ್ತೆ ಹತ್ತುತ್ತಿರಲಿಲ್ಲ. ಚಾವಿ ತಿರುವಿದಾಗ ಬಾನೆಟ್ಟಿನೊಳಗಿನಿಂದ ಸಣ್ಣದೊಂದು ‘ಟಕ್’ ಸದ್ದು ಬಂದು ಎಲ್ಲ ಸುಮ್ಮನಾಗುತ್ತಿತ್ತು. ಇಪ್ಪತ್ತು ನಿಮಿಷ ಕಾದು ನೋಡಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ಎರಡನೆಯ ಗೇರಿನಲ್ಲಿ ತಳ್ಳಿದರೆ ಪ್ರತಿ ಸಲವೂ ಹತ್ತುತ್ತಿತ್ತು. ಸೇಡಂ ರಸ್ತೆಯ ಪಂಪಿನಲ್ಲಿ ಒಮ್ಮೆ ತಾಯಿಯವರನ್ನು ಬಿಸಿಲಿನಲ್ಲಿ ಕೂರಿಸಿ, ಯಾರೋ ಪುಣ್ಯಾತ್ಮರ ಕೈಯಿಂದ ಕಾರು ತಳ್ಳಿಸಿಕೊಂಡ ದಿನ ನನಗಾದ ಸಂಕಟ ಇನ್ನೂ ಮರೆತಿಲ್ಲ.

ಉಸ್ತಾದರಲ್ಲಿಗೆ ಹೋಗುವ ಮುನ್ನ ಊರಿನ ಇನ್ನೊಂದು ಗ್ಯಾರೇಜಿಗೆ ಮೂರು ಸಲ ಹೋಗಿದ್ದೆ. ಮೊದಲ ಸಲ ಬ್ಯಾಟರಿ ಹೋಗಿದೆ ಎಂದರು, 3,900 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಹನ್ನೊಂದು ದಿನ ಸರಿಯಿತ್ತು. ಎರಡನೆಯ ಸಲ ಕಿಡಿ ಹೊತ್ತಿಸುವ ಪ್ಲಗ್ಗು ತೊಳೆದು ಕೊಟ್ಟರು. ಮೂರನೆಯ ಸಲ, ಇಂಜಿನ್ನನ್ನು ಮೊದಲು ತಿರುಗಿಸಿ ಚಾಲೂ ಮಾಡುವ ಸೆಲ್ಫ್ ಮೋಟರನ್ನು ಬಿಚ್ಚಿ ಕಾರ್ಬನ್ ಬ್ರಷ್ಷು ಮತ್ತು ಬುಷ್ಷು ಬದಲಿಸಿ 1,700 ರೂಪಾಯಿ ತೆಗೆದುಕೊಂಡರು. ಆಮೇಲೆ ಒಂದು ತಿಂಗಳು ತೊಂದರೆ ಬರಲಿಲ್ಲ. ಆದರೆ ಅದು ಚಳಿಗಾಲದ ತಿಂಗಳಾಗಿತ್ತೆಂಬುದು ಆಗ ನನಗೆ ಹೊಳೆದಿರಲಿಲ್ಲ. ಬಂದು ಹೋಗುವ ದೋಷದ ಕಷ್ಟ ಇರುವುದೇ ಇಲ್ಲಿ: ಅದು ತಾನಾಗಿ ಅಡಗಿದ ದಿನಗಳಲ್ಲಿ ಯಾವ ರಿಪೇರಿ ಮಾಡಿದ್ದರೂ ಅದೇ ಫಲಿಸಿತೆಂದು ಮೆಕ್ಯಾನಿಕ್ಕೂ ನಂಬುತ್ತಾನೆ, ಗಿರಾಕಿಯೂ ನಂಬುತ್ತಾನೆ. ಆ ಗ್ಯಾರೇಜಿನವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಮೂರು ಭೇಟಿಗಳಲ್ಲಿ ಒಮ್ಮೆಯಾದರೂ ಅವರು ವೋಲ್ಟೇಜು ಅಳೆಯುವ ಮೀಟರನ್ನು ಕೈಗೆತ್ತಿಕೊಂಡದ್ದನ್ನು ನಾನು ಕಾಣಲಿಲ್ಲ. ಮಾರ್ಚ್ ಬಿಸಿಲು ಏರಿದಂತೆ ತೊಂದರೆ ಮರಳಿತು, ಏಪ್ರಿಲ್ ಕೊನೆಗೆ ವಾರಕ್ಕೆ ನಾಲ್ಕು ಸಲ ಬರತೊಡಗಿತು.

ಉಸ್ತಾದರು ಬಾನೆಟ್ ತೆರೆಯುವ ಮೊದಲು ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಸೆಲ್ಫ್ ತಿರುಗಿಯೂ ಇಂಜಿನ್ ಹತ್ತುವುದಿಲ್ಲವೋ, ಸೆಲ್ಫೇ ತಿರುಗುವುದಿಲ್ಲವೋ ಎಂಬುದು ಮೊದಲ ಪ್ರಶ್ನೆ. ತಿರುಗಿಯೂ ಹತ್ತದಿದ್ದರೆ ಪೆಟ್ರೋಲು, ಕಿಡಿ, ಸೆನ್ಸರ್‌ಗಳ ಕಡೆ ನೋಡಬೇಕು. ತಿರುಗದಿದ್ದರೆ ಬ್ಯಾಟರಿ, ಕೇಬಲ್ಲು, ಚಾವಿಯ ಸ್ವಿಚ್ಚು, ಸೆಲ್ಫ್ ಇವುಗಳೊಳಗೇ ಹುಡುಕಬೇಕು. ತಳ್ಳಿದರೆ ಪ್ರತಿ ಸಲವೂ ಹತ್ತುತ್ತದೆ ಎಂದಾಗ ಪ್ಲಗ್ಗಿನ ಮಾತು ಅಲ್ಲಿಗೇ ಮುಗಿಯಿತು. “ಟಕ್ ಅಂತ ಒಂದs ಸಲ ಅಂತದೋ, ಟಕ ಟಕ ಟಕ ಅಂತದೋ, ಇಲ್ಲಾ ಏನೂ ಸಪ್ಪಳನs ಬರಂಗಿಲ್ಲೋ?” ಎಂದು ಕೇಳಿದರು. ಒಂದೇ ಸಲ, ಅದೂ ಮೆಲ್ಲಗೆ ಎಂದೆ. ಆ ಹೊತ್ತಿನಲ್ಲಿ ಹೆಡ್‌ಲೈಟ್ ಹಾಕಿ ನೋಡಿದ್ದೀರಾ ಎಂದರು. ನಾನು ನೋಡಿರಲಿಲ್ಲ. ಬ್ಯಾಟರಿ ಸೋತಿದ್ದರೆ ಅಥವಾ ಅದರ ಟರ್ಮಿನಲ್ ಸಡಿಲಾಗಿದ್ದರೆ ಚಾವಿ ತಿರುವಿದ ಕೂಡಲೇ ದೀಪ ಕಂದುತ್ತದೆ. ದೀಪ ಹಾಗೆಯೇ ಬೆಳಗುತ್ತಿದ್ದರೆ ಬ್ಯಾಟರಿಯನ್ನು ದೂರುವಂತಿಲ್ಲ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಹಳೆಯ ಬ್ಯಾಟರಿ ಇನ್ನೊಂದು ವರ್ಷ ಬಾಳುತ್ತಿತ್ತೇನೋ.

ಅವರು ಮುಂದೆ ಮಾಡಿದ್ದು ಅಳತೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೂ ಇನ್ನೊಂದನ್ನು ಇಂಜಿನ್ನಿನ ಮೈಮೇಲೂ ಇಟ್ಟು ಸೆಲ್ಫ್ ಹೊಡೆಯಲು ಹೇಳಿದರು, 0.18 ವೋಲ್ಟ್ ತೋರಿಸಿತು. ಪ್ಲಸ್ ಕಂಬದಿಂದ ಸೆಲ್ಫ್‌ನ ದಪ್ಪ ನಟ್ಟಿನವರೆಗೆ 0.25. ತುದಿಯನ್ನು ಕ್ಲ್ಯಾಂಪಿನ ಮೇಲಲ್ಲದೆ ಸೀಸದ ಕಂಬದ ಮೇಲೆಯೇ ಒತ್ತಿ ಹಿಡಿದದ್ದನ್ನು ನಾನು ಗಮನಿಸಿದೆ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಕಿಲುಬು ಇದ್ದರೆ ಅದೂ ಲೆಕ್ಕಕ್ಕೆ ಬರಬೇಕಲ್ಲವೇ. ಕೇಬಲ್ಲಿನ ರೆಸಿಸ್ಟೆನ್ಸ್, ಎಂದರೆ ಕರೆಂಟಿಗೆ ಆಗುವ ಅಡ್ಡಿಯನ್ನು ಓಮಿನಲ್ಲಿ ಅಳೆದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ ಅವರು ತಲೆಯಾಡಿಸಿದರು. ಅವರ ಕಾರಣವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಇಂಥ ಸಣ್ಣ ಕಾರಿನ ಸೆಲ್ಫ್ ತಿರುಗುವಾಗ ಸುಮಾರು ನೂರು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಹರಿಯುವಾಗ ಓಮಿನ ಐವತ್ತರಲ್ಲೊಂದು ಭಾಗದಷ್ಟು ಅಡ್ಡಿಯೂ ಎರಡು ವೋಲ್ಟನ್ನು ನುಂಗುತ್ತದೆ, ಸಾಧಾರಣ ಮೀಟರಿಗೆ ಅಷ್ಟು ಸಣ್ಣ ಓಮು ನಿಖರವಾಗಿ ಕಾಣುವುದೇ ಇಲ್ಲ. ಆದ್ದರಿಂದ ಕರೆಂಟು ಹರಿಯುತ್ತಿರುವಾಗಲೇ ವೋಲ್ಟೇಜು ಎಲ್ಲಿ ಕಳೆದುಹೋಗುತ್ತಿದೆ ಎಂದು ನೋಡಬೇಕು. ನಮ್ಮ ಕಾರಿನ ದಪ್ಪ ಕೇಬಲ್ಲುಗಳೂ ಅರ್ಥಿಂಗೂ ಚೆನ್ನಾಗಿಯೇ ಇದ್ದವು. ಆದರೆ ಅಂದು ಗಾಡಿ ಪ್ರತಿ ಸಲವೂ ಚಾಲೂ ಆಯಿತು.

ನಾನು ಮೆಚ್ಚಿದ ಘಟ್ಟ ಇದು. “ಇವತ್ತ ಇದನ್ನ ಬಿಚ್ಚೂದು ಬ್ಯಾಡ ಸರ. ಮೊದ್ಲು ಅದು ಕೆಡ್ಲಿ, ಆಮ್ಯಾಲ ನೋಡೂಣು” ಎಂದು ಹೇಳಿ, ಪಾರ್ಕಿಂಗ್ ಲೈಟಿನ ಒಂದು ಸಣ್ಣ ಬಲ್ಬನ್ನು ಹೋಲ್ಡರ್ ಸಮೇತ ತೆಗೆದುಕೊಂಡರು. ಅದರ ಒಂದು ತಂತಿಯನ್ನು ಸೆಲ್ಫ್‌ನ ಸೊಲೆನಾಯ್ಡಿಗೆ (ಚಾವಿಯಿಂದ ಕರೆಂಟು ಬಂದಾಗ ಒಳಗಿನ ಗೂಟವನ್ನು ಎಳೆದು ಮೋಟರಿಗೆ ಬ್ಯಾಟರಿಯ ದೊಡ್ಡ ಕರೆಂಟು ಹಾಯಿಸುವ ಭಾಗ) ಚಾವಿಯಿಂದ ಬರುವ ಸಣ್ಣ ಟರ್ಮಿನಲ್ಲಿಗೆ ಸೇರಿಸಿ, ಇನ್ನೊಂದನ್ನು ಬಾಡಿಗೆ ಅರ್ಥ್ ಮಾಡಿ, ಬಲ್ಬನ್ನು ಡ್ಯಾಶ್‌ಬೋರ್ಡಿನ ಕೆಳಗೆ ನನ್ನ ಮೊಣಕಾಲಿನ ಹತ್ತಿರ ಟೇಪಿನಿಂದ ಅಂಟಿಸಿದರು. ಗಾಡಿ ಹತ್ತದಿದ್ದಾಗ ಚಾವಿಯನ್ನು ತಿರುವಿ ಹಿಡಿದು ಈ ಬಲ್ಬನ್ನು ನೋಡಬೇಕು. ಉರಿಯದೇ ಇದ್ದರೆ ಚಾವಿಯ ಕಡೆಯ ದಾರಿ ಪೂರ್ತಿ ಕಡಿದಿದೆ. ಚೆನ್ನಾಗಿ ಉರಿದೂ ಸೆಲ್ಫ್ ತಿರುಗದಿದ್ದರೆ ದೋಷ ಸೆಲ್ಫ್‌ನೊಳಗಿದೆ. ಮಂಕಾಗಿ ಉರಿದರೆ ಕರೆಂಟು ಬರುವ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ. ಅವತ್ತು ಹಣ ತೆಗೆದುಕೊಳ್ಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಸೂಪರ್ ಮಾರ್ಕೆಟ್ಟಿನ ಹತ್ತಿರ ಬಿಸಿಲಲ್ಲಿ ನಿಲ್ಲಿಸಿ, ಹತ್ತು ನಿಮಿಷದ ಕೆಲಸ ಮುಗಿಸಿ ಬಂದು ಚಾವಿ ತಿರುವಿದಾಗ ಅದೇ ‘ಟಕ್’. ಬಗ್ಗಿ ನೋಡಿದರೆ ಬಲ್ಬಿನೊಳಗಿನ ತಂತಿ ಆರುವ ಕೆಂಡದಂತೆ ಕೆಂಪಗೆ ಮಿನುಗುತ್ತಿತ್ತು. ಹೆಡ್‌ಲೈಟ್ ಹಾಕಿದೆ, ಎದುರಿನ ಗೋಡೆಯ ಮೇಲೆ ಅದರ ಬೆಳಕು ಸ್ವಲ್ಪವೂ ಕುಂದಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಗಾಡಿ ಕೆಟ್ಟದ್ದಕ್ಕೆ ನನಗೆ ಸಮಾಧಾನವಾಯಿತು.

ಮರುದಿನ ಉಸ್ತಾದರು ಇಂಜಿನ್ನನ್ನು ಇಪ್ಪತ್ತು ನಿಮಿಷ ಓಡಿಸಿ, ಬಾನೆಟ್ ಮುಚ್ಚಿ ಬಿಸಿಲಿನಲ್ಲಿಯೇ ಹತ್ತು ನಿಮಿಷ ಬಿಟ್ಟರು. ಇಂಜಿನ್ ಬಂದ್ ಮಾಡಿದ ಮೇಲೆ ನೀರೂ ಗಾಳಿಯೂ ಹರಿಯದೆ ಬಾನೆಟ್ಟಿನೊಳಗಿನ ಶಾಖ ಸ್ವಲ್ಪ ಹೊತ್ತು ಇನ್ನೂ ಏರುತ್ತದೆ, ಪಂಪಿನಲ್ಲಿ ಆಗುತ್ತಿದ್ದುದೂ ಇದೇ. ಚಾವಿ ತಿರುವಿದೆ, ಹತ್ತಲಿಲ್ಲ. ನಾನು ಚಾವಿಯನ್ನು ಹಿಡಿದಿದ್ದಂತೆಯೇ ಅವರು ಸರಸರನೆ ಅಳೆದರು. ಬ್ಯಾಟರಿಯಲ್ಲಿ 12.4 ವೋಲ್ಟ್, ಸ್ಟೇರಿಂಗಿನ ಕೆಳಗೆ ತಂತಿಗಳು ಕೂಡುವ ಕಪ್ಲರಿನಲ್ಲಿ ಸ್ವಿಚ್ಚಿನ ಒಳಬರುವ ತಂತಿಗೆ 12.1, ಹೊರಹೋಗುವ ತಂತಿಗೆ 7.8, ಸೊಲೆನಾಯ್ಡಿನ ಟರ್ಮಿನಲ್ಲಿಗೆ 7.3. ಎಂದರೆ ನಾಲ್ಕು ವೋಲ್ಟಿಗೂ ಹೆಚ್ಚು ಚಾವಿಯ ಸ್ವಿಚ್ಚಿನೊಳಗೇ ಕರಗಿಹೋಗುತ್ತಿತ್ತು. ಸ್ವಿಚ್ಚನ್ನು ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಹಿತ್ತಾಳೆಯ ಕಾಂಟ್ಯಾಕ್ಟಿನ ಒಂದು ಅಂಚು ಸುಟ್ಟು ಕಪ್ಪಾಗಿ, ಗುಳಿ ಬಿದ್ದು, ಉಗುರಿನಿಂದ ಕೆರೆದರೆ ಮಸಿಯಂಥ ಪುಡಿ ಬರುತ್ತಿತ್ತು. ಕಪ್ಲರಿನ ಬಿಳಿ ಪ್ಲಾಸ್ಟಿಕ್ಕು ಆ ಒಂದು ಪಿನ್ನಿನ ಸುತ್ತ ಮಾತ್ರ ಚಹಾದ ಬಣ್ಣಕ್ಕೆ ತಿರುಗಿತ್ತು.

ಹಾಗಾದರೆ ಬೆಳಗಿನ ತಂಪಿನಲ್ಲಿ ಏಕೆ ಹತ್ತುತ್ತಿತ್ತು? ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು, ಉತ್ತರವೂ ಅಷ್ಟೇ ಚಂದವಾಗಿದೆ. ತಾಮ್ರದ ಅಡ್ಡಿ ಪ್ರತಿ ಡಿಗ್ರಿಗೆ ಸುಮಾರು 0.4 ಪ್ರತಿಶತ ಏರುತ್ತದೆ. ಬೆಳಿಗ್ಗೆಗಿಂತ ಸೊಲೆನಾಯ್ಡ್ 60 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಅದರ ಸುರುಳಿಯ ಅಡ್ಡಿ ಕಾಲು ಭಾಗದಷ್ಟು ಹೆಚ್ಚುತ್ತದೆ, ಒಳಗಿನ ಕಬ್ಬಿಣದ ಗೂಟವನ್ನು ಎಳೆಯುವ ಶಕ್ತಿ ಕುಗ್ಗುತ್ತದೆ. ಸ್ವಿಚ್ಚು ಸರಿಯಿದ್ದರೆ ಅದರಿಂದೇನೂ ಆಗುತ್ತಿರಲಿಲ್ಲ. ಸ್ವಿಚ್ಚು ಸುಟ್ಟಿದ್ದರಿಂದ ತಂಪಿನಲ್ಲಿ ಅಂತೂ ಇಂತೂ ಎಳೆಯುತ್ತಿದ್ದ ಸೊಲೆನಾಯ್ಡ್, ಮಧ್ಯಾಹ್ನ ಅರ್ಧ ಎಳೆದು ಸೋಲುತ್ತಿತ್ತು. ಕಾಂಟ್ಯಾಕ್ಟು ಪ್ರತಿ ಸಲ ಒಂದೇ ಜಾಗದಲ್ಲಿ ತಾಗದೆ ಇದ್ದುದೂ ಇದರ ಜೊತೆಗೆ ಸೇರಿತ್ತು. ಕಲಬುರಗಿಯ ಮೇ ತಿಂಗಳಲ್ಲಿ, 42–43 ಡಿಗ್ರಿಯ ಬಿಸಿಲಿನಲ್ಲಿ ನಿಂತ ಕಾರಿಗೆ ಇಂಥ ದೋಷವನ್ನು ಮುಚ್ಚಿಟ್ಟುಕೊಳ್ಳುವ ಅವಕಾಶವೇ ಇರಲಿಲ್ಲ.

ಅವರು ಹೊಸ ಸ್ವಿಚ್ಚನ್ನಷ್ಟೇ ಹಾಕಿದ್ದರೂ ಗಾಡಿ ಸರಿಹೋಗುತ್ತಿತ್ತು. ಆದರೆ ನಮ್ಮ ಕಾರಿನಲ್ಲಿ ಸೊಲೆನಾಯ್ಡಿನ ಕರೆಂಟೆಲ್ಲ ಚಾವಿಯ ಸ್ವಿಚ್ಚಿನ ಮೂಲಕವೇ ಹರಿಯುವುದರಿಂದ ಹೊಸದೂ ಕಾಲಕ್ರಮೇಣ ಹೀಗೆಯೇ ಸುಡುತ್ತದೆಂದು ವಿವರಿಸಿ, ನನ್ನ ಒಪ್ಪಿಗೆ ಕೇಳಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚಾದ ನಾಲ್ಕು ಪಿನ್ನಿನ ರಿಲೇ ಒಂದನ್ನು ಸೇರಿಸಿದರು. ಬ್ಯಾಟರಿಯಿಂದ ಫ್ಯೂಜಿನ ಮೂಲಕ 30 ಎಂಬ ಗುರುತಿನ ಪಿನ್ನಿಗೆ ದಪ್ಪ ತಂತಿ, 87ರಿಂದ ಸೊಲೆನಾಯ್ಡಿಗೆ, ಚಾವಿಯ ಹಳೆಯ ತಂತಿ 86ಕ್ಕೆ, 85 ಅರ್ಥಿಗೆ. ಈಗ ಸ್ವಿಚ್ಚು ಹೊರುವುದು ರಿಲೇಯ ಸುರುಳಿಗೆ ಬೇಕಾದಷ್ಟು, ಎಂದರೆ ಅರ್ಧ ಆಂಪಿಯರಿಗೂ ಕಡಿಮೆ ಕರೆಂಟು. ಮುಗಿದ ಮೇಲೆ ಗಾಡಿಯನ್ನು ಮತ್ತೆ ಕಾಯಿಸಿ ಅಳೆದು ತೋರಿಸಿದರು: ಸೆಲ್ಫ್ ತಿರುಗುವಾಗ ಬ್ಯಾಟರಿಯಲ್ಲಿ 10.4, ಸೊಲೆನಾಯ್ಡಿನಲ್ಲಿ 10.1. ಸ್ವಿಚ್ಚು 430, ರಿಲೇ ಮತ್ತು ಅದರ ಹೋಲ್ಡರ್ 190, ತಂತಿ ಹಾಗೂ ಫ್ಯೂಜು 130, ಮಜೂರಿ 500. ಒಟ್ಟು 1,250 ರೂಪಾಯಿ. ಎರಡು ದಿನ ಸೇರಿ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಈ ಕಾರಿಗಾಗಿ ಕಳೆದವರಿಗೆ ಆ ಮಜೂರಿ ಕಡಿಮೆಯೆನಿಸಿ ನಾನು ಹೆಚ್ಚು ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಅಂಗಡಿಯಲ್ಲಿ ಗಿರಾಕಿಗಳಿಗೆ ಕೂರಲು ನೆರಳಿನ ಜಾಗವಿಲ್ಲ. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಮುದ್ರಿತ ಬಿಲ್ಲು ಸಿಗುವುದಿಲ್ಲ, ಕೇಳಿದರೆ ಕೈಯಲ್ಲಿ ಬರೆದು ಕೊಡುತ್ತಾರೆ. ರಿಲೇಯ ತಂತಿಗಳಿಗೆ ಮೊದಲು ಬರೀ ಟೇಪು ಸುತ್ತಿದ್ದರು. ಇಂಜಿನ್ನಿನ ಶಾಖಕ್ಕೆ ಟೇಪಿನ ಅಂಟು ಕರಗುತ್ತದೆಂದು ನಾನು ಹೇಳಿದ ಮೇಲೆ ಪ್ಲಾಸ್ಟಿಕ್ ಸುರುಳಿ ಕೊಳವೆಯೊಳಗೆ ಹಾಯಿಸಿ ಕಟ್ಟಿದರು. ಹೇಳದೆಯೇ ಮಾಡಬೇಕಾದ ಕೆಲಸವದು. ಅವರಲ್ಲಿ ಸ್ಕ್ಯಾನರ್ ಇಲ್ಲ, ಆದ್ದರಿಂದ ಚಾವಿಯನ್ನು ಕಂಪ್ಯೂಟರ್ ಗುರುತಿಸುವಂಥ ಹೊಸ ಕಾರುಗಳನ್ನು ತಾವು ಮುಟ್ಟುವುದಿಲ್ಲವೆಂದು ಅವರೇ ಹೇಳುತ್ತಾರೆ. ಅವಸರದಲ್ಲಿರುವವರಿಗೂ ಇದು ತಕ್ಕ ಅಂಗಡಿಯಲ್ಲ, ಏಕೆಂದರೆ ದೋಷ ಕಣ್ಣೆದುರು ಕಾಣಿಸಿಕೊಳ್ಳುವವರೆಗೆ ಅವರು ಪಾನೆಯನ್ನು ಕೈಗೆತ್ತಿಕೊಳ್ಳುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಮಾತಾಡಲು ಅವರಿಗೆ ಬಿಡುವಿರುತ್ತದೆ. ಹೋಗುವ ಮುನ್ನ ನಿಮ್ಮ ಗಾಡಿ ಯಾವ ಹೊತ್ತಿನಲ್ಲಿ, ಎಷ್ಟು ದೂರ ಓಡಿದ ಮೇಲೆ, ಯಾವ ಸದ್ದು ಮಾಡಿ ನಿಂತಿತೆಂದು ಒಂದು ವಾರ ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ, ಅವರು ಮೊದಲು ಕೇಳುವುದೇ ಅದನ್ನು. ನಮ್ಮ ಕಾರು ರಿಪೇರಿಯಾದದ್ದು ಮೇ ಮೊದಲ ವಾರದಲ್ಲಿ. ಆ ಇಡೀ ತಿಂಗಳ ಬಿಸಿಲಿನಲ್ಲಿ, ಅದೇ ಸೇಡಂ ರಸ್ತೆಯ ಪಂಪಿನಲ್ಲಿ ಆರು ಸಲ ಬಂದ್ ಮಾಡಿ ಚಾಲೂ ಮಾಡಿದ್ದೇನೆ. ಆರೂ ಸಲ ಮೊದಲ ತಿರುವಿಗೇ ಹತ್ತಿದೆ. ತಾಯಿಯವರು ಈಗ ಪಂಪು ಬಂದಾಗ ಕೆಳಗಿಳಿಯಲು ಚೀಲ ಹುಡುಕುವುದಿಲ್ಲ.