26 ಸಾವಿರದ ಫ್ಲ್ಯಾಟು ತಿಂಗಳಿಗೆ 40 ಸಾವಿರ ನುಂಗಿದ ಲೆಕ್ಕ: ಬೆಂಗಳೂರಿಗೆ ಮನೆ ಮಾಡಲು ಬರುವವರು ಓದಿ

ಹಾಸನದಿಂದ ಬಂದ ಗಂಡ ಹೆಂಡತಿ ಎರಡು ಮನೆ ನೋಡಿದರು. ಒಂದು ವಿಜಯನಗರದಲ್ಲಿ. ಕೆಳಗೆ ಓನರ್, ಮೇಲೆ ಬಾಡಿಗೆಗೆ ಎರಡು ರೂಮಿನ ಮನೆ, ಕಾವೇರಿ ನೀರು, 30 ಸಾವಿರ. ಇನ್ನೊಂದು ವೈಟ್‌ಫೀಲ್ಡ್ ದಾಟಿ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಈಜುಕೊಳ, ಜಿಮ್ಮು, ಕ್ಲಬ್ ಹೌಸು, ಗೇಟಿನಲ್ಲಿ ಸೆಕ್ಯೂರಿಟಿ, 26 ಸಾವಿರ. ನಾಲ್ಕು ಸಾವಿರ ಉಳಿಯಿತು, ಸೌಕರ್ಯ ಬೇರೆ ಪುಕ್ಕಟೆ ಅಂದುಕೊಂಡು ಎರಡನೆಯದನ್ನೇ ಹಿಡಿದರು. ಹನ್ನೊಂದನೇ ತಿಂಗಳಿಗೆ ಖಾಲಿ ಮಾಡಿದರು. ಅವರ ಕೈಬಿಟ್ಟು ಹೋದ ದುಡ್ಡನ್ನು ಬಾಬ್ತುವಾರು ಇಟ್ಟರೆ ಹೀಗೆ.

ಬಾಡಿಗೆ 26,000. ಮೇಂಟೆನೆನ್ಸ್ ಚದರಡಿಗೆ 4.25 ರೂಪಾಯಿಯಂತೆ 1,180 ಚದರಡಿಗೆ 5,015. ಟ್ಯಾಂಕರ್ ನೀರಿನ ಪಾಲು 1,400. ಜನರೇಟರ್ 900. ಕಾರು ನಿಲ್ಲಿಸುವ ಜಾಗಕ್ಕೆ 1,500, ಯಾಕೆಂದರೆ ಓನರ್ ತನ್ನ ಪಾರ್ಕಿಂಗ್ ಜಾಗವನ್ನು ಮೊದಲೇ ಬೇರೆಯವರಿಗೆ ಕೊಟ್ಟಿದ್ದ. ಇಷ್ಟಕ್ಕೇ 34,815 ಆಯಿತು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗಿಗೆ ಅಂತ ಇನ್ನೊಂದು ತಿಂಗಳದ್ದು ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಸಾಮಾನು ಒಳಗೆ ತರಲು 3,000, ಹೊರಗೆ ಒಯ್ಯಲು 3,000 ಅಪಾರ್ಟ್‌ಮೆಂಟಿನ ಸಂಘಕ್ಕೆ. ಇವನ್ನೆಲ್ಲ ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ ಮತ್ತೆ 5,273. ಒಟ್ಟು 40,088. ವಿಜಯನಗರದ ಮನೆಗೂ ಬ್ರೋಕರ್, ಪೇಂಟಿಂಗ್ ಇದ್ದೇ ಇರುತ್ತಿತ್ತು. ನೀರು, ಮೆಟ್ಟಿಲ ಲೈಟು ಸೇರಿಸಿ 500 ಹಿಡಿದರೂ ಅದು 36 ಸಾವಿರ ದಾಟುತ್ತಿರಲಿಲ್ಲ.

ಇದನ್ನು ಪೂರ್ತಿ ಮೋಸ ಅನ್ನಲು ಬರುವುದಿಲ್ಲ. ಎಲ್ಲವೂ ಕರಾರಿನಲ್ಲಿ, ಇಲ್ಲವೇ ಸಂಘದ ನಿಯಮದಲ್ಲಿ ಬರೆದೇ ಇತ್ತು. ಇವರು ಕೇಳಲಿಲ್ಲ, ಬ್ರೋಕರ್ ಹೇಳಲಿಲ್ಲ, ಅಷ್ಟೆ.

ಚದರಡಿಯಿಂದ ಶುರು ಮಾಡೋಣ. 1,180 ಅನ್ನುವುದು ಸೂಪರ್ ಬಿಲ್ಟಪ್. ಲಿಫ್ಟು, ಕಾರಿಡಾರು, ಕ್ಲಬ್ ಹೌಸಿನ ಪಾಲೂ ಅದರಲ್ಲಿ ಸೇರಿರುತ್ತೆ. ಕಾಲಿಟ್ಟು ಓಡಾಡುವ ಜಾಗ ಸಾಮಾನ್ಯವಾಗಿ ಅದರ ಮುಕ್ಕಾಲು ಪಾಲು, ಎಷ್ಟೋ ಕಡೆ ಅದಕ್ಕೂ ಕಡಿಮೆ. ಮೇಂಟೆನೆನ್ಸ್ ಲೆಕ್ಕ ಮಾತ್ರ ಪೂರ್ತಿ 1,180ಕ್ಕೆ. ಅಂದರೆ ಈಜುಕೊಳಕ್ಕೆ ಇಳಿಯಲಿ ಬಿಡಲಿ, ಅದರ ಕ್ಲೋರಿನ್ನಿಗೂ ಪಂಪಿಗೂ ದುಡ್ಡು ಹೋಗುತ್ತಲೇ ಇರುತ್ತೆ. ಇವರ ವಿಷಯದಲ್ಲಂತೂ ಬಾಡಿಗೆದಾರರು ಕೊಳಕ್ಕೆ ಇಳಿಯಬೇಕಾದರೆ ಓನರ್ ಸಹಿ ಮಾಡಿದ ಅರ್ಜಿ ಬೇಕಿತ್ತು. ಓನರ್ ಸಂಘಕ್ಕೆ ಹಳೇ ಬಾಕಿ ಇಟ್ಟಿದ್ದರಿಂದ ಅರ್ಜಿ ವಾಪಸು ಬಂತು. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಸಂಘದ ಆಫೀಸಿಗೆ ಹೋಗಿ, ಆ ಫ್ಲ್ಯಾಟಿನ ಬಾಕಿ ಎಷ್ಟಿದೆ, ಬಾಡಿಗೆದಾರರಿಗೆ ಯಾವ್ಯಾವುದು ಸಿಗುತ್ತೆ ಅಂತ ನೇರವಾಗಿ ಕೇಳಿ. ದೊಡ್ಡ ಸಂಘಗಳಲ್ಲಿ ತಿಂಗಳ ಮೇಂಟೆನೆನ್ಸ್ 7,500 ದಾಟಿದರೆ ಶೇ 18 ಜಿಎಸ್‌ಟಿ ಕೂಡ ಬೀಳುತ್ತೆ, ಅದನ್ನು ಕಟ್ಟುವವರು ಯಾರು ಅನ್ನುವುದು ಆಗಲೇ ತೀರ್ಮಾನವಾಗಲಿ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ನಮ್ಮಲ್ಲಿ ನಗರಗಳಿಗೆ ಹಿಡಿಯುವ ಅಳತೆ. ಇಬ್ಬರಿಗೆ ತಿಂಗಳಿಗೆ 8,100 ಲೀಟರ್. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರು ತತ್ವಾರವಾದಾಗ ಜಿಲ್ಲಾಡಳಿತ 5 ಕಿ.ಮೀ. ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಅಂತ ದರ ಕಟ್ಟಿತ್ತು. ಲೀಟರಿಗೆ ಹತ್ತು ಪೈಸೆ. ಆ ಲೆಕ್ಕದಲ್ಲಿ ಇವರಿಗೆ ಬೀಳಬೇಕಾದ್ದು 810. ಬಿದ್ದದ್ದು 1,400. ಯಾಕೆ? ಫ್ಲ್ಯಾಟಿಗೊಂದು ನೀರಿನ ಮೀಟರ್ ಇಲ್ಲದ ಕಡೆ ಟ್ಯಾಂಕರ್ ಬಿಲ್ಲನ್ನು ಮನೆಗೆ ಸಮನಾಗಿ ಹಂಚುತ್ತಾರೆ. ಪಕ್ಕದ ಮನೆಯಲ್ಲಿ ಆರು ಜನ ಇದ್ದರೂ ಅಷ್ಟೇ, ನೀವು ಹದಿನೈದು ದಿನ ಊರಿಗೆ ಹೋಗಿದ್ದರೂ ಅಷ್ಟೇ. ಗಿಡಕ್ಕೆ ಹಾಕುವ ನೀರು, ಸೋರುವ ಸಂಪು ಎಲ್ಲ ಅದರಲ್ಲೇ.

‘ಐದನೇ ಹಂತ ಬಂದಿದೆ, ಕಾವೇರಿ ಬಂದೇ ಬಿಡುತ್ತೆ’ ಅನ್ನುವ ಮಾತಿಗೆ ಮರುಳಾಗಬೇಡಿ. ಬೆಂಗಳೂರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಆ ಕಾವೇರಿ ನೀರಿನ ಯೋಜನೆ 2024ರ ಅಕ್ಟೋಬರಿನಲ್ಲಿ ಶುರುವಾಗಿದ್ದು ನಿಜ. ಆದರೆ ರಸ್ತೆಯಲ್ಲಿ ಪೈಪು ಇರುವುದು ಬೇರೆ, ಕಟ್ಟಡ ದುಡ್ಡು ಕಟ್ಟಿ ಸಂಪರ್ಕ ತೆಗೆದುಕೊಂಡಿರುವುದು ಬೇರೆ. ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಿ ಅನ್ನಿ. ಬಿಲ್ ಇಲ್ಲ ಅಂದರೆ ಕಾವೇರಿ ಇಲ್ಲ ಅಂತಲೇ ಲೆಕ್ಕ. ಮನೆ ನೋಡಲು ಭಾನುವಾರ ಮಧ್ಯಾಹ್ನ ಹೋಗದೆ ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಹೋಗಿ, ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ನಲ್ಲಿ ತಿರುಗಿಸಿ. ಶವರಿನ ತೂತುಗಳ ಸುತ್ತ ಬೆಳ್ಳಗೆ ಸುಣ್ಣ ಕಟ್ಟಿದ್ದರೆ ಗಡಸು ಬೋರ್ ನೀರು. ಗೀಸರಿನ ಕಾಯಿಲ್ ಬೇಗ ಹೋಗುತ್ತೆ, ತಲೆಗೂದಲ ವಿಷಯ ಕೇಳಲೇಬೇಡಿ. ಫ್ಲಷ್ ನೀರು ಹಳದಿಯಾಗಿ ವಾಸನೆ ಬಂದರೆ ಅದು ಸಂಸ್ಕರಿಸಿದ ಕೊಳಚೆ ನೀರು, ಸಂಸ್ಕರಿಸುವ ಘಟಕ ಸರಿಯಾಗಿ ನಡೆಯುತ್ತಿಲ್ಲ ಅಂತ ಅರ್ಥ.

ಜನರೇಟರಿನದು ಇನ್ನೊಂದು ಕಥೆ. ‘100% ಪವರ್ ಬ್ಯಾಕಪ್’ ಅನ್ನುವ ಬೋರ್ಡಿನ ಮಾತು ಲಿಫ್ಟಿಗೆ, ಕಾರಿಡಾರಿಗೆ ಮಾತ್ರ. ಮನೆಯೊಳಗೆ ಇವರಿಗೆ ಬರುತ್ತಿದ್ದುದು 1 ಕೆವಿಎ, ಅಂದರೆ ಸುಮಾರು 800 ವ್ಯಾಟ್. ಫ್ಯಾನು, ಲೈಟು, ಟಿವಿ, ಫ್ರಿಜ್ ತಡೆಯುತ್ತೆ. 2,000 ವ್ಯಾಟಿನ ಗೀಸರ್ ಹಾಕಿದ ತಕ್ಷಣ ಇಡೀ ಮನೆ ಕತ್ತಲು. ಒಂದು ಲೀಟರ್ ಡೀಸೆಲ್ಲಿಗೆ ಮೂರು, ಮೂರೂವರೆ ಯೂನಿಟ್ ಹುಟ್ಟುತ್ತೆ. ಲೀಟರಿಗೆ 90 ರೂಪಾಯಿ ಹಿಡಿದರೆ ಬರೀ ಎಣ್ಣೆ ಖರ್ಚೇ ಯೂನಿಟ್ಟಿಗೆ 26ರಿಂದ 30. ಪ್ರೀಪೇಯ್ಡ್ ಮೀಟರ್ ಇದ್ದರೆ ಅದರಲ್ಲಿ ಮೇಂಟೆನೆನ್ಸನ್ನೂ ಕಳೆಯುತ್ತಾರೋ ಅಂತ ಕೇಳಿ. ಕೆಲವು ಕಡೆ ದಿನವಹಿ ಕಳೆಯುತ್ತಾರೆ, ಬ್ಯಾಲೆನ್ಸ್ ತೀರಿದರೆ ಕರೆಂಟೇ ಹೋಗುತ್ತೆ.

ಹಾಗಂತ ಬಿಡಿ ಮನೆಗಳಲ್ಲಿ ಎಲ್ಲ ಚೊಕ್ಕ ಅಂತಲ್ಲ. ಅಲ್ಲಿ ನೋಡಬೇಕಾದ್ದು ಸಬ್‌ಮೀಟರ್. ಬೆಸ್ಕಾಂನ ಒಂದೇ ಮೀಟರಿನಿಂದ ಮೂರು ಮನೆಗೆ ಲೈನ್ ಎಳೆದು, ಯೂನಿಟ್ಟಿಗೆ ತಮಗೆ ತೋಚಿದ ದರ ವಸೂಲಿ ಮಾಡುವವರಿದ್ದಾರೆ. 2023ರಲ್ಲಿ ಬಂದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಅಂಥ ಮನೆಯಲ್ಲಿ ನಿಮ್ಮ ಹೆಸರಿಗೆ ಸಿಗುವುದಿಲ್ಲ, ಯಾಕೆಂದರೆ ನಿಮ್ಮ ಮನೆಗೇ ಅಂತ ಆರ್‌ಆರ್ ನಂಬರ್, ಅಂದರೆ ಬೆಸ್ಕಾಂ ಸಂಪರ್ಕದ ನಂಬರ್, ಇರುವುದಿಲ್ಲ. ಬೇರೆ ಆರ್‌ಆರ್ ನಂಬರ್ ಇದ್ದರೆ, ಹಿಂದಿನ ಬಾಡಿಗೆದಾರರ ಆಧಾರ್ ಅದರಿಂದ ಡಿ-ಲಿಂಕ್ ಆಗಿದೆಯೇ ನೋಡಿಕೊಳ್ಳಿ.

ಮೀಟರ್ ಪರೀಕ್ಷೆ ಐದು ನಿಮಿಷದ ಕೆಲಸ. ಮನೆಯ ಮೇನ್ ಆಫ್ ಮಾಡಿ, ಮೀಟರಿನ ಕೆಂಪು ದೀಪ ನೋಡಿ. ಆಗಲೂ ಮಿಣುಕುತ್ತಿದ್ದರೆ ಮೆಟ್ಟಿಲ ಲೈಟೋ, ಸಂಪಿನ ಮೋಟಾರೋ ನಿಮ್ಮ ಮೀಟರಿಗೆ ಸೇರಿದೆ. ಆಮೇಲೆ ಮೇನ್ ಹಾಕಿ, ಬೇರೆಲ್ಲ ಆರಿಸಿ, 1,500 ವ್ಯಾಟಿನ ಕೆಟಲಿನಲ್ಲಿ ನೀರು ಕಾಯಲು ಇಡಿ. ಮೀಟರ್ ಮೇಲೆ ಯೂನಿಟ್ಟಿಗೆ 3,200 ಇಂಪಲ್ಸ್ ಅಂತ ಬರೆದಿದ್ದರೆ ದೀಪ ನಿಮಿಷಕ್ಕೆ 80 ಸಲ ಮಿಣುಕಬೇಕು. 1,600 ಅಂತಿದ್ದರೆ 40 ಸಲ. ಐದಾರು ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ, 80ರ ಜಾಗದಲ್ಲಿ 110 ಬಂದರೆ ಮೀಟರ್ ಇರಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿದೆ ಅಂತ.



ಇನ್ನು ಅಡ್ವಾನ್ಸು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ತಂದರಷ್ಟೇ ಲಾಗು. ಅದನ್ನು ತೋರಿಸಿ ಓನರ್ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಇಲ್ಲಿ ಆರು ತಿಂಗಳದ್ದೋ ಹತ್ತು ತಿಂಗಳದ್ದೋ ಕೇಳುತ್ತಾರೆ, ಚೌಕಾಸಿ ಮಾಡಿ ಇಳಿಸಿ, ಬ್ಯಾಂಕಿನ ಮೂಲಕವೇ ಕೊಡಿ. ಕರಾರಿನಲ್ಲಿ ‘ಪೇಂಟಿಂಗ್ ಖರ್ಚು ಕಳೆದು’ ಅಂತಿದ್ದರೆ ಹೊಡೆದು ಹಾಕಿಸಿ ರೂಪಾಯಿ ಲೆಕ್ಕದಲ್ಲಿ ಬರೆಸಿ. ವಾಪಸು ಯಾವಾಗ ಅನ್ನುವುದಕ್ಕೂ ಸಾಲು ಬೇಕು: ಕೀಲಿ ಕೊಟ್ಟ ದಿನವೇ, ಇಲ್ಲವೇ ಏಳು ದಿನದೊಳಗೆ. ಆ ಸಾಲು ಇಲ್ಲದಿದ್ದಕ್ಕೆ ಹಾಸನದವರಿಗೆ ಸಿಕ್ಕ ಉತ್ತರ, ‘ಹೊಸ ಪಾರ್ಟಿ ಬಂದ್ಮೇಲೆ ಕೊಡ್ತೀನಿ’. ಹೊಸ ಪಾರ್ಟಿ ಬರಲು ಎರಡು ತಿಂಗಳು ಹಿಡಿಯಿತು.