ವಯೋಲಾ ಡೇವಿಸ್ ಆತ್ಮಕಥೆ: ಪುಸ್ತಕ ಬೇಡ, ಆಡಿಯೋ ತಗೊಳ್ಳಿ

ಅಮೆರಿಕದ ಕಪ್ಪು ನಟಿ ವಯೋಲಾ ಡೇವಿಸ್ ಅವರ ಆತ್ಮಕಥೆ ‘ಫೈಂಡಿಂಗ್ ಮಿ’ 2022ರಲ್ಲಿ ಬಂತು. ಪುಸ್ತಕ, ಆಡಿಯೋ ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಆಡಿಯೋ ಕೊಳ್ಳಿ. ಒಂಬತ್ತು ಗಂಟೆಗೂ ಮಿಕ್ಕಿದ ಈ ಓದು ಪೂರ್ತಿ ಅವರದೇ ದನಿ. ಧ್ವನಿಮುದ್ರಣಗಳಿಗೆ ಕೊಡುವ ಗ್ರ್ಯಾಮಿ ಪ್ರಶಸ್ತಿ 2023ರಲ್ಲಿ ಸಿಕ್ಕಿದ್ದೂ ಈ ಓದಿಗೇ. ರಂಗಭೂಮಿಯ ಟೋನಿ, ಟಿವಿಯ ಎಮ್ಮಿ, ಸಿನಿಮಾದ ಆಸ್ಕರ್ ಅದಾಗಲೇ ಬಂದಿದ್ದರಿಂದ ಅಲ್ಲಿಗೆ ಅಮೆರಿಕದ ನಾಲ್ಕೂ ದೊಡ್ಡ ಪ್ರಶಸ್ತಿಗಳು ಕೈಸೇರಿದವು.

ಮೊದಲ ಅಧ್ಯಾಯ ಕೇಳಿದರೆ ಸಾಕು, ಕಾರಣ ತಿಳಿಯುತ್ತದೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸೆಂಟ್ರಲ್ ಫಾಲ್ಸ್ ಊರು. ಶಾಲೆ ಬಿಟ್ಟೊಡನೆ ಹುಡುಗರ ಗುಂಪು ಅಟ್ಟಿಸಿಕೊಂಡು ಬರುತ್ತದೆ, ಎಂಟು ವರ್ಷದ ವಯೋಲಾ ದಿನವೂ ಓಡುತ್ತಾಳೆ. ಕೊನೆಗೆ ತಾಯಿ ಅವಳ ಕೈಗೆ ದಾರ ಹೆಣೆಯುವ ಕ್ರೋಶಾ ಕಡ್ಡಿ ಕೊಟ್ಟು, ಇನ್ನು ಓಡಬೇಡ, ನಡೆದುಕೊಂಡೇ ಬಾ ಅನ್ನುತ್ತಾಳೆ. ಪುಟದಲ್ಲಿ ಇದು ಬರೀ ಘಟನೆ. ಕಿವಿಯಲ್ಲಿ ಅದೊಂದು ರಂಗದೃಶ್ಯ.

ಆಡಿಯೋ ಕೇಳುವ ವೇಗ 1ರಲ್ಲೇ ಇರಲಿ. ಹೆಚ್ಚಿಸಿದರೆ ಮಾತಿನ ನಡುವಿನ ಮೌನ ನುಂಗಿಹೋಗುತ್ತದೆ, ನಟನೆ ಇರುವುದೇ ಅಲ್ಲಿ. ತಾಯಿಯ ಆಡುಮಾತು ಕಿವಿಗೆ ಹೊಸದು ಅನ್ನಿಸಿದರೆ ಆ ತುಣುಕನ್ನು ಎರಡು ಸಲ ಕೇಳಿ. ಬಡತನ, ಹೊಡೆತ, ಲೈಂಗಿಕ ದೌರ್ಜನ್ಯ, ಬೈಗುಳ ಯಾವುದನ್ನೂ ಮುಚ್ಚಿಟ್ಟಿಲ್ಲ; ಮಕ್ಕಳಿರುವ ಕಾರಿನಲ್ಲಿ ಹಾಕಬೇಡಿ.

ರಂಗಭೂಮಿಯವರಿಗೆ, ಡೇವಿಸ್ ಕಲಿತ ನ್ಯೂಯಾರ್ಕಿನ ಜೂಲಿಯಾರ್ಡ್ ನಾಟಕ ಶಾಲೆಯ ಭಾಗ ಚಿನ್ನ. ಐರೋಪ್ಯ ನಾಟಕಗಳಿಗೆಂದೇ ಹದಗೊಳಿಸುವ ಆ ತರಬೇತಿಯಲ್ಲಿ ಕಪ್ಪು ನಟಿಯ ದನಿಗೂ ಮೈಗೂ ಜಾಗವೇ ಇರಲಿಲ್ಲ ಎಂಬುದನ್ನು, ನಡುವೆ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾಕ್ಕೆ ಹೋಗಿಬಂದದ್ದು ಏನನ್ನು ಬಿಡಿಸಿತು ಎಂಬುದನ್ನು ಬಿಡಿಬಿಡಿಯಾಗಿ ಹೇಳುತ್ತಾರೆ.

ಕೊರತೆ ಇರುವುದು ಕೊನೆಯ ಭಾಗದಲ್ಲಿ. ಬಾಲ್ಯಕ್ಕೆ ಕೊಟ್ಟ ವ್ಯವಧಾನ ಸಿನಿಮಾಗಳಿಗೆ ಸಿಕ್ಕಿಲ್ಲ. ‘ಫೆನ್ಸಸ್’ ನಾಟಕದ ರೋಸ್ ಪಾತ್ರಕ್ಕೆ 2010ರಲ್ಲಿ ಟೋನಿ ಬಂತು. 2016ರ ಸಿನಿಮಾದಲ್ಲಿ ಅದೇ ಪಾತ್ರಕ್ಕೆ ಆಸ್ಕರ್. ಸಾವಿರ ಜನರಿಗೆ ಮುಟ್ಟಬೇಕಾದ ದನಿಯನ್ನು ಕ್ಯಾಮೆರಾಕ್ಕೆ ಹೇಗೆ ಇಳಿಸಿದರು? ಅಷ್ಟು ದೊಡ್ಡ ಪಾಠವನ್ನು ಇನ್ನೂ ನಿಧಾನವಾಗಿ ಹೇಳಬೇಕಿತ್ತು. ಸಿನಿಮಾದಲ್ಲಿ, ಹಿತ್ತಲಿನಲ್ಲಿ ಗಂಡನೆದುರು ನಿಂತು ಮಾತಾಡುವಾಗ ರೋಸ್‌ಳ ಮೂಗು ಸೋರುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ.

ಹಾಗಾಗಿ ಆಡಿಯೋಗೆ ಮುಂಚೆ ಆ ಸಿನಿಮಾ ನೋಡಿ. ಜತೆಗೆ 2008ರ ‘ಡೌಟ್’ ಕೂಡ: ಮೆರಿಲ್ ಸ್ಟ್ರೀಪ್ ಎದುರು ಹತ್ತು ನಿಮಿಷವೂ ಇಲ್ಲದ ಪಾತ್ರ, ಅಷ್ಟಕ್ಕೇ ಆಸ್ಕರ್ ನಾಮನಿರ್ದೇಶನ. ಇವೆರಡು ಕಣ್ಣಲ್ಲಿದ್ದರೆ ಕೊನೆಯ ಅಧ್ಯಾಯಗಳು ಓಡಿದಂತೆ ಅನ್ನಿಸುವುದಿಲ್ಲ.